ಓದುಗರ ಪ್ರಶ್ನೆ, ನಮ್ಮ ಉತ್ತರ: ನಂಬಿಕೆ, ಸತ್ಕ್ರಿಯೆ ಮತ್ತು ಬಾಕಿ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಇವೆ. ದೇವರಲ್ಲಿ ನಂಬಿಕೆ ಇದ್ದರೆ ಸಾಕೇ, ಒಳ್ಳೆಯ ಕೆಲಸವೂ ಬೇಕೇ? ಬೇಕಾದರೆ ಯಾವ ಕೆಲಸ, ಎಷ್ಟು? ಕರಾವಳಿಯಿಂದಲೂ ಬರೆದಿದ್ದಾರೆ, ಘಟ್ಟದ ಮೇಲಿನಿಂದಲೂ ಬರೆದಿದ್ದಾರೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ. ಉದ್ದದ ಪತ್ರಗಳನ್ನು ಸಾರ ಉಳಿಸಿಕೊಂಡು ಕತ್ತರಿಸಿದ್ದೇವೆ.

ಪ್ರಶ್ನೆ: ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 3:28ರಲ್ಲಿ ಸಂತ ಪೌಲರು ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ, ನೇಮನಿಷ್ಠೆಗಳಿಂದಲ್ಲ ಅನ್ನುತ್ತಾರೆ. ಯಾಕೋಬರ ಪತ್ರದ 2:24ರಲ್ಲಿ ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ ಎಂದಿದೆ. ಇಬ್ಬರೂ ಯೆಹೂದ್ಯರ ಮೂಲಪಿತ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಯಾರ ಮಾತು ಹಿಡಿಯಬೇಕು? (ಕಾರವಾರ)

ಉತ್ತರ: ನೀವು ಬರೆದ ಎರಡು ಪದಗಳಲ್ಲೇ ಅರ್ಧ ಉತ್ತರ ಇದೆ. ಹಳೆಯ ಕನ್ನಡ ಬೈಬಲಿನವರು ಪೌಲರ ಕಡೆ ‘ನೇಮನಿಷ್ಠೆ’ ಎಂದೂ ಯಾಕೋಬರ ಕಡೆ ‘ಕ್ರಿಯೆ’ ಎಂದೂ ಹಾಕಿದರು. ಗ್ರೀಕಿನಲ್ಲಿ ಎರಡೂ ಕಡೆ ಇರುವುದು ‘ಎರ್ಗಾ’ ಎಂಬ ಒಂದೇ ಪದ. ಆದರೆ ಪೌಲರು ಅದಕ್ಕೆ ‘ಧರ್ಮಶಾಸ್ತ್ರದ’ (ಅಂದರೆ ಯೆಹೂದ್ಯರ ಕಟ್ಟಳೆಗಳ) ಎಂಬ ವಿಶೇಷಣ ಸೇರಿಸುತ್ತಾರೆ. ಅನುವಾದಕರು ಅದನ್ನು ಗಮನಿಸಿಯೇ ಪದ ಬದಲಿಸಿದ್ದಾರೆ.

ಪೌಲರ ಜಗಳ ಯಾವುದರ ಮೇಲಿತ್ತು ಎಂದು ನೋಡಿ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಪ್ರಸಂಗವಿದೆ. ಪೇತ್ರರು ಅಲ್ಲಿ ಯೆಹೂದ್ಯರಲ್ಲದವರ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದರು. ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಪಂಕ್ತಿ ಬಿಟ್ಟು ಎದ್ದರು. ಪೌಲರು ಎಲ್ಲರ ಮುಂದೆಯೇ ಅವರನ್ನು ತರಾಟೆಗೆ ತೆಗೆದುಕೊಂಡರು. ಸುನ್ನತಿ, ಊಟದ ಮಡಿಮೈಲಿಗೆ, ದಿನ ಪಾಲಿಸುವುದು ಇವೆಲ್ಲ ದೇವರ ಮನೆಗೆ ಪ್ರವೇಶ ಶುಲ್ಕವಲ್ಲ ಎಂಬುದು ಅವರ ವಾದ. ಪಂಕ್ತಿಭೇದ ಅಂದರೇನು ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಬ್ರಹಾಮನ ಸಾಕ್ಷ್ಯವನ್ನು ಇಬ್ಬರೂ ಬೇರೆ ಬೇರೆ ಪುಟದಿಂದ ಎತ್ತುತ್ತಾರೆ. ಪೌಲರು ನಿಲ್ಲುವುದು ಆದಿಕಾಂಡ 15:6ರಲ್ಲಿ: ಅಬ್ರಹಾಮ ದೇವರನ್ನು ನಂಬಿದ, ದೇವರು ಅದನ್ನೇ ನೀತಿ ಎಂದು ಎಣಿಸಿದರು. ಮುಂದಿನ ಲೆಕ್ಕ ಹಾಕಿ. ಇಷ್ಮಾಯೇಲ ಹುಟ್ಟಿದ್ದು 16ನೇ ಅಧ್ಯಾಯದಲ್ಲಿ, ಆಗ ಅಬ್ರಹಾಮನಿಗೆ 86. ಸುನ್ನತಿಯ ಆಜ್ಞೆ ಬರುವುದು 17ರಲ್ಲಿ, ಆಗ ಅವನಿಗೆ 99. ಅಂದರೆ ನೀತಿವಂತ ಎನಿಸಿಕೊಂಡು ಕನಿಷ್ಠ 13 ವರ್ಷ ಕಳೆದ ಮೇಲೆ ಸುನ್ನತಿ. ರೋಮಾಪುರದವರಿಗೆ 4:10ರಲ್ಲಿ ಪೌಲರು ಕೇಳುವುದು ಇದನ್ನೇ, ನೀತಿ ಮೊದಲೋ ಸುನ್ನತಿ ಮೊದಲೋ? ಯಾಕೋಬರು ಎತ್ತುವುದು 22ನೇ ಅಧ್ಯಾಯವನ್ನು. ಇಸಾಕ ಹುಟ್ಟಿ, ಕಟ್ಟಿಗೆ ಹೊರುವಷ್ಟು ಬೆಳೆದು, ತಂದೆ ಅವನನ್ನು ಬಲಿಪೀಠದ ಮೇಲೆ ಮಲಗಿಸಿದ ಪ್ರಸಂಗ ಅದು. ಮೊದಲನೆಯದು ನಂಬಿಕೆ ಹುಟ್ಟಿದ ದಿನ. ಎರಡನೆಯದು ಅದೇ ನಂಬಿಕೆ ವರ್ಷಾನುಗಟ್ಟಲೆ ಬದುಕಿ ಹೊರಗೆ ಕಾಣಿಸಿಕೊಂಡ ದಿನ.

ಯಾಕೋಬರು ತಿರಸ್ಕರಿಸುವ ‘ನಂಬಿಕೆ’ ಯಾವುದು ಎಂಬುದನ್ನೂ ಅವರೇ 2:19ರಲ್ಲಿ ಹೇಳುತ್ತಾರೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಅದು ತಿಳಿವಳಿಕೆ, ಭರವಸೆಯಲ್ಲ. ಪೌಲರು ಹೇಳುವ ನಂಬಿಕೆಗೆ ಗಲಾತ್ಯದವರಿಗೆ 5:6ರಲ್ಲಿ ವಿವರಣೆ ಸಿಗುತ್ತದೆ: ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ. ಇಬ್ಬರೂ ಕೈಬಿಟ್ಟದ್ದು ಬೇರೆ ಬೇರೆ, ಹಿಡಿದುಕೊಂಡದ್ದು ಒಂದೇ.

ಓದುವಾಗ ಆಗುವ ದೊಡ್ಡ ತಪ್ಪು ವಚನವನ್ನು ನಡುವೆ ಕಡಿಯುವುದು. ಎಫೆಸದವರಿಗೆ 2:8–9ನ್ನು ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಜನ: ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ, ಯಾರೂ ಕೊಚ್ಚಿಕೊಳ್ಳುವಂತಿಲ್ಲ. 10ನೇ ವಚನಕ್ಕೆ ಬರುವಷ್ಟರಲ್ಲಿ ಪುಸ್ತಕ ಮುಚ್ಚಿರುತ್ತದೆ. ಅಲ್ಲಿರುವುದು ದೇವರು ಮೊದಲೇ ಸಿದ್ಧಮಾಡಿಟ್ಟ ಸತ್ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಯಾದೆವು ಎಂಬ ಮಾತು. ಮೂರೂ ವಚನಗಳನ್ನು ಒಂದೇ ಉಸಿರಿನಲ್ಲಿ ಓದಿ.

ಪ್ರಶ್ನೆ: ನನ್ನ ತವರು ಧಾರವಾಡ, ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್ ಮನೆ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಗಂಡನ ಮನೆಯವರು ಕಥೋಲಿಕರು. ‘ನೀವು ಪುಣ್ಯ ಕೂಡಿಟ್ಟು ಸ್ವರ್ಗ ಕೊಳ್ಳುವವರು’ ಎಂದು ನನ್ನ ಅಣ್ಣ, ‘ನೀವು ನಂಬಿದೆ ಅಂದು ಕೈಕಟ್ಟಿ ಕೂರುವವರು’ ಎಂದು ನಮ್ಮ ಮಾವ. ಸಭೆಗಳು (ಚರ್ಚುಗಳು) ಅಧಿಕೃತವಾಗಿ ಹೇಳುವುದು ಇದೇ ಏನು? (ಶಿರಸಿ)

ಉತ್ತರ: ಅಲ್ಲ. ನಿಮ್ಮ ಅಣ್ಣನಿಗೂ ಮಾವನವರಿಗೂ ಎದುರಾಳಿಯ ಮಾತಿಗಿಂತ ಎದುರಾಳಿಯ ಬಗೆಗಿನ ಗಾಳಿಮಾತು ಚೆನ್ನಾಗಿ ಗೊತ್ತಿದೆ.

ಅಣ್ಣನಿಗೆ ಮೊದಲು. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು, ತನ್ನ 6ನೇ ಅಧಿವೇಶನದಲ್ಲಿ, ಈ ವಿಷಯದ ಮೇಲೆ 16 ಅಧ್ಯಾಯ ಮತ್ತು 33 ಖಂಡನಾಸೂತ್ರ ಹೊರಡಿಸಿತು. ಅದರ ಮೊದಲನೆಯ ಸೂತ್ರವೇ ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯ ತನ್ನ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲ ಎನ್ನುವವರನ್ನು ಸಭೆಯಿಂದ ಹೊರಗಿಡುತ್ತದೆ. 8ನೇ ಅಧ್ಯಾಯದ ಪ್ರಕಾರ ಆ ಮೊದಲ ಕೃಪೆಯನ್ನು ನಂಬಿಕೆಯಾಗಲಿ ಕ್ರಿಯೆಯಾಗಲಿ ಸಂಪಾದಿಸಲಾರದು. ಕಥೋಲಿಕರು ‘ಪುಣ್ಯಫಲ’ ಎನ್ನುವುದು ಆ ಕೃಪೆ ಬಂದ ನಂತರದ ಮಾತು, ಅದೂ ದೇವರ ಕೊಡುಗೆಯೆಂದೇ ಅವರ ಬೋಧನೆ. ಹಣ ಕೊಟ್ಟು ಪಾಪದ ದಂಡ ಕಳೆಯುವ ಚೀಟಿಗಳ ಹಾವಳಿ ಇದ್ದದ್ದು ನಿಜ. 1517ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಎದ್ದದ್ದೂ ಅದರ ವಿರುದ್ಧವೇ. ಆ ವ್ಯಾಪಾರವನ್ನು ಮುಂದೆ ಕಥೋಲಿಕ ಸಭೆಯೇ ನಿಷೇಧಿಸಿತು.

ಈಗ ಮಾವನವರಿಗೆ. ರೋಮಾಪುರದವರ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯಲ್ಲಿ ನಂಬಿಕೆ ಸುಮ್ಮನೆ ಕೂರುವ ವಸ್ತುವಲ್ಲ. ಬೆಂಕಿಯಿಂದ ಬಿಸಿಯನ್ನೂ ಬೆಳಕನ್ನೂ ಬೇರೆ ಮಾಡಲು ಹೇಗೆ ಬಾರದೋ ಹಾಗೆ ನಂಬಿಕೆಯಿಂದ ಕ್ರಿಯೆಯನ್ನು ಬೇರೆ ಮಾಡಲಾಗದು ಎಂಬುದು ಅವರ ನಿಲುವು. ರೋಮಾ 3:28ರ ಜರ್ಮನ್ ಅನುವಾದದಲ್ಲಿ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಸೇರಿಸಿದವರೂ ಅವರೇ, ಯಾಕೋಬರ ಪತ್ರವನ್ನು ಹುಲ್ಲಿನ ಪತ್ರ ಎಂದು ಕರೆದವರೂ ಅವರೇ. ಮಾವನವರು ಎತ್ತುವ ತಕರಾರಿಗೆ ಅಷ್ಟು ಆಧಾರವಂತೂ ಇದೆ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರಲ್ಲಿ 44 ಕಂಡಿಕೆಗಳಿವೆ, ತಿರುಳು 15ನೆಯದರಲ್ಲಿ: ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದಲೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿಟ್ಟ ನಂಬಿಕೆಯಲ್ಲಿ ದೇವರು ನಮ್ಮನ್ನು ಅಂಗೀಕರಿಸುತ್ತಾರೆ. ಪವಿತ್ರಾತ್ಮರು ಹೃದಯ ಹೊಸದು ಮಾಡಿ ಸತ್ಕ್ರಿಯೆಗೆ ಶಕ್ತಿ ಕೊಟ್ಟು ಕರೆಯುತ್ತಾರೆ. ಇದಕ್ಕೆ ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್‌ಡ್ ಸಭೆಗಳ ವಿಶ್ವಕೂಟ 2017ರಲ್ಲಿ ಸೇರಿಕೊಂಡವು. ನಡುವೆ 2016ರಲ್ಲಿ ಆಂಗ್ಲಿಕನ್ನರ ಸಲಹಾಸಭೆ ಅದರ ಸಾರವನ್ನು ಒಪ್ಪಿತು. ಸಿಎಸ್‌ಐ 1947ರಲ್ಲಿ ಹುಟ್ಟಿದ್ದೇ ಈ ಮೂರು ಪರಂಪರೆಗಳು ಕೂಡಿ. ಹಾಗಾಗಿ ಈ ಮಾತು ನಿಮ್ಮ ಎರಡೂ ಮನೆಗಳದ್ದು.

ಎಲ್ಲವೂ ಬಗೆಹರಿದಿಲ್ಲ. ‘ಪುಣ್ಯಫಲ’ ಎಂಬ ಮಾತು, ಸತ್ತವರ ಶುದ್ಧೀಕರಣ, ನೀತಿವಂತನಾದವನಲ್ಲಿ ಪಾಪ ಉಳಿಯುವ ಬಗೆ, ಇವುಗಳ ಮೇಲೆ ಚರ್ಚೆ ಇನ್ನೂ ಇದೆ. ಶಬ್ದಗಳೂ ತೊಡಕು ಮಾಡುತ್ತವೆ. ತವರಿನಲ್ಲಿ ‘ನಂಬಿಕೆ’, ‘ಕೃಪೆ’. ಗಂಡನ ಮನೆಯ ಪೂಜೆಯಲ್ಲಿ ‘ವಿಶ್ವಾಸ’, ‘ವರಪ್ರಸಾದ’. ಕೊಂಕಣಿಯಲ್ಲಾದರೆ ‘ಭಾವಾರ್ಥ್’, ‘ಕುರ್ಪಾ’. ಊಟದ ಮನೆಯಲ್ಲಿ ವಾದ ಶುರುವಾದರೆ ಮೊದಲು ಈ ಜೋಡಿಗಳನ್ನು ಒಂದು ಹಾಳೆಯ ಮೇಲೆ ಎದುರು ಬದುರು ಬರೆದಿಡಿ. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಪ್ರಶ್ನೆ: ನಮ್ಮದೊಂದು ಟ್ರಾಲ್ ಬೋಟ್. ಎಂಜಿನ್ ಕೆಟ್ಟಾಗ, ಸರಿಯಾದರೆ ಇಗರ್ಜಿ (ಚರ್ಚ್) ಹಬ್ಬಕ್ಕೆ 30,000 ರೂ. ಕೊಡುತ್ತೇನೆಂದು ಹರಕೆ ಹೊತ್ತೆ. ಸರಿಯಾಯಿತು. ಈಗ ಕೈಯಲ್ಲಿರುವುದು 35,000. ಇಬ್ಬರು ಖಲಾಸಿಗಳಿಗೆ ತಲಾ 11,000 ಪಾಲು ಬಾಕಿ ಇದೆ. ಜೂನ್ 1ಕ್ಕೆ ಬೋಟ್ ನಿಲ್ಲುತ್ತದೆ, ಅವರು ಊರಿಗೆ ಹೊರಡುತ್ತಾರೆ. ಹರಕೆ ತಪ್ಪಿದರೆ ದೋಷ ಬರುತ್ತದೆ ಎಂದು ಮನೆಯಲ್ಲಿ ಹೆದರುತ್ತಾರೆ. ಯಾವುದು ಮೊದಲು? (ಹೊನ್ನಾವರ)

ಉತ್ತರ: ಖಲಾಸಿಗಳ 22,000 ಮೊದಲು. ಈ ವಾರವೇ ಕೊಡಿ.

ಕಾರಣ ಸರಳ. ಆ 22,000 ನಿಮ್ಮ ಹಣವೇ ಅಲ್ಲ. ಮೀನು ಮಾರಿ ಬಂದದ್ದರಲ್ಲಿ ಡೀಸೆಲ್, ಮಂಜುಗಡ್ಡೆ, ರೇಷನ್ನಿನ ಖರ್ಚು ಕಳೆದು ಪಾಲು ಹಾಕಿದ ಗಳಿಗೆಯಲ್ಲೇ ಅದು ಅವರದಾಯಿತು, ಸದ್ಯಕ್ಕೆ ನಿಮ್ಮ ಪೆಟ್ಟಿಗೆಯಲ್ಲಿದೆ ಅಷ್ಟೇ. ಬೇರೆಯವರ ದುಡ್ಡಿನಲ್ಲಿ ದೇವರಿಗೆ ಕಾಣಿಕೆ ಕೊಡುವುದು ಹೇಗೆ? ‘ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು’ ಎಂದ ಯಾಕೋಬರೇ ಅದೇ ಪತ್ರದ 5:4ರಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತಾರೆ. ಧರ್ಮೋಪದೇಶಕಾಂಡ 24:15 ಗಡುವನ್ನೂ ಹಾಕುತ್ತದೆ: ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲು ಕೊಡಬೇಕು. ಶಿರಸಿ ಕಡೆ ಅಡಿಕೆ ಸುಲಿಸಿ ದುಡ್ಡು ಮುಂದಿನ ಸಂತೆಗೆ ಎನ್ನುವವರಿಗೂ ಇದೇ ವಚನ.

ಹರಕೆಯ ಹೆಸರಿನಲ್ಲಿ ಕರ್ತವ್ಯ ತಪ್ಪಿಸಿಕೊಳ್ಳುವುದು ಹೊಸ ರೋಗವೇನಲ್ಲ. ಮಾರ್ಕ 7:11ರಲ್ಲಿ ಯೇಸು ‘ಕೊರ್ಬಾನ್’ ಪದ್ಧತಿಯನ್ನು ಎತ್ತಿ ಆಡುತ್ತಾರೆ. ಇದು ದೇವರಿಗೆ ಮೀಸಲು ಎಂದು ಹೇಳಿ ವಯಸ್ಸಾದ ತಂದೆತಾಯಿಗೆ ಕೊಡಬೇಕಾದ್ದನ್ನು ಕೊಡದಿರುವ ಉಪಾಯ ಅದು.

ಇನ್ನು ಹರಕೆಯ ವಿಷಯ. ಅದು ಬಿದ್ದುಹೋಗಲಿಲ್ಲ. ಕಥೋಲಿಕ ಸಭೆಯ ಕಾನೂನು ಸಂಹಿತೆಯಲ್ಲಿ ಇದಕ್ಕೆ ನಿಯಮಗಳೇ ಇವೆ, ಮನೆಯವರ ಹೆದರಿಕೆಗೆ ಅವೇ ಮದ್ದು. 1191ನೇ ನಿಯಮದ ಪ್ರಕಾರ ಹರಕೆಯೆಂದರೆ ದೇವರಿಗೆ ತಿಳಿದು, ಒತ್ತಾಯವಿಲ್ಲದೆ, ಸಾಧ್ಯವಾದ ಒಳಿತಿನ ಬಗ್ಗೆ ಕೊಟ್ಟ ಮಾತು, ಅದನ್ನು ಸಲ್ಲಿಸಬೇಕು. 1193ರಂತೆ ಅದು ಹೊತ್ತವರನ್ನು ಮಾತ್ರ ಕಟ್ಟುತ್ತದೆ. ನಿಮ್ಮ ಹರಕೆಗೆ ಖಲಾಸಿಗಳ ಪಾಲಿನಿಂದ ಒಂದು ರೂಪಾಯಿ ಹಿಡಿಯುವಂತಿಲ್ಲ, ‘ಎಲ್ಲರ ಒಳ್ಳೆಯದಕ್ಕೆ’ ಎಂದು ಹೇಳಿಯೂ ಹಿಡಿಯುವಂತಿಲ್ಲ. ಸಮಾನವಾದ ಅಥವಾ ಹೆಚ್ಚಿನ ಒಳಿತಿಗೆ ಹರಕೆಯನ್ನು ನೀವೇ ಬದಲಿಸಿಕೊಳ್ಳಬಹುದು. ಕಡಿಮೆ ಮಾಡಬೇಕಾದರೆ ವಿಚಾರಣಾ ಗುರುಗಳ (ನಿಮ್ಮ ಚರ್ಚಿನ ಪಾದ್ರಿಗಳ) ಬಳಿ ಹೋಗಿ, 1196 ಮತ್ತು 1197 ಅವರಿಗೆ ಆ ಅಧಿಕಾರ ಕೊಡುತ್ತವೆ.

ಹಾಗಾದರೆ ಲೆಕ್ಕ ಹೀಗೆ. 35,000ದಲ್ಲಿ 22,000 ಕೊಟ್ಟರೆ 13,000 ಉಳಿಯುತ್ತದೆ. ಹರಕೆ ಹೊರುವಾಗ ‘ಈ ವರ್ಷದ ಹಬ್ಬಕ್ಕೆ’ ಎಂದು ದಿನ ಕಟ್ಟಿಕೊಂಡಿರದಿದ್ದರೆ ಆ ಹಣ ಮಳೆಗಾಲದ ಮನೆಖರ್ಚಿಗಿರಲಿ. ಆಗಸ್ಟಿನಲ್ಲಿ ಬೋಟ್ ಇಳಿದ ಮೇಲೆ ಕಂತಿನಲ್ಲಿ ಹರಕೆ ತೀರಿಸಿ. ದಿನ ಕಟ್ಟಿಕೊಂಡಿದ್ದರೆ ಗುರುಗಳಿಗೆ ಲೆಕ್ಕ ತೋರಿಸಿ ಗಡುವು ಮುಂದೂಡಿಸಿಕೊಳ್ಳಿ. ಆದರೆ ‘ಖಲಾಸಿಗಳಿಗೆ 22,000 ಕೊಟ್ಟೆ, ಹರಕೆಯಲ್ಲಿ ಅಷ್ಟು ಕಳೆಯಿರಿ’ ಎನ್ನಬೇಡಿ. ಕೊಡಲೇಬೇಕಾದ ಸಾಲ ಹರಕೆಗೆ ವಜಾ ಆಗುವುದಿಲ್ಲ.

ಕೊಡುವಾಗ ಒಂದು ಎಚ್ಚರ ಬೇಕು. ಮಾರಾಟದ ಚೀಟಿ, ಡೀಸೆಲ್ ಬಿಲ್ಲು, ಮಂಜುಗಡ್ಡೆ ಬಿಲ್ಲು ಮುಂದಿಟ್ಟು, ಬೋಟ್ ನಡೆಸುವ ತಾಂಡೇಲ ಇರುವಾಗಲೇ ಲೆಕ್ಕ ಓದಿ ಕೊಡಿ. ‘ಊರಿಗೆ ಹೊರಟಿದ್ದೀಯ, ಇಟ್ಟುಕೋ’ ಎಂದು ಜೇಬಿಗೆ ತುರುಕಿದರೆ ಪಾಲು ದಾನವಾಗಿಬಿಡುತ್ತದೆ. ಅವರ ಹಕ್ಕಿನ ಹಣಕ್ಕೆ ಅವರಿಂದ ಕೈಮುಗಿಸಿಕೊಂಡಂತೆ.

ಪ್ರಶ್ನೆ: ಹಿಂದೆ ಕೆಲಸಕ್ಕಿದ್ದ ಅಂಗಡಿಯಿಂದ ಆಗಾಗ ತೆಗೆದ ಹಣ ಒಟ್ಟು ಸುಮಾರು 12,000 ಆಗಬಹುದು. ಕುಮ್ಸಾರಿನಲ್ಲಿ (ಪಾಪನಿವೇದನೆಯಲ್ಲಿ) ಹೇಳಿದೆ, ಹಿಂದಿರುಗಿಸಬೇಕು ಎಂದರು. ಮಾಲೀಕರು ತೀರಿಕೊಂಡಿದ್ದಾರೆ. ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ಸಾಲದೇ? ಕ್ಷಮೆ ಸಿಕ್ಕ ಮೇಲೂ ಕೊಡಬೇಕೇ? (ಹಳಿಯಾಳ)

ಉತ್ತರ: ಕೊಡಬೇಕು. ಪೆಟ್ಟಿಗೆಗೆ ಹಾಕಿದರೆ ಸಾಲದು. ಪಾಪನಿವೇದನೆಯಲ್ಲಿ ಸಿಗುವುದು ಪಾಪಕ್ಕೆ ಕ್ಷಮೆ, ಅಂಗಡಿಯ ಖಾತೆಯಲ್ಲಿ ಬಿದ್ದ ತೂತು ಅದರಿಂದ ಮುಚ್ಚುವುದಿಲ್ಲ. ಹಿಂದಿರುಗಿಸುವ ಮನಸ್ಸೇ ಇಲ್ಲದಿದ್ದರೆ ಪಶ್ಚಾತ್ತಾಪವೇ ಅರೆಬೆಂದದ್ದು ಎಂದಾಗುತ್ತದೆ.

ಯಾರಿಗೆ ಕೊಡಬೇಕು ಎಂಬ ಸರದಿ ಅರಣ್ಯಕಾಂಡ 5:7–8ರಲ್ಲೇ ಇದೆ. ಮೊದಲು ಕಳೆದುಕೊಂಡವನಿಗೆ, ಅವನಿಲ್ಲದಿದ್ದರೆ ಹತ್ತಿರದ ಬಂಧುವಿಗೆ, ಅಂಥ ಬಂಧುವೂ ಇಲ್ಲದಿದ್ದರೆ ಮಾತ್ರ ದೇವರ ಹೆಸರಿನಲ್ಲಿ ಯಾಜಕನಿಗೆ. ನಿಮ್ಮ ಮಾಲೀಕರಿಗೆ ಹೆಂಡತಿ ಮಕ್ಕಳು ಇದ್ದಾರೆಂದರೆ ಹಣ ಅವರದು. ಯಾರನ್ನೂ ಪತ್ತೆಹಚ್ಚಲು ಆಗದಿದ್ದಾಗ ಬಡವರಿಗೆ ಕೊಡಬೇಕೆಂಬುದು ಸಭೆಯ ಹಳೆಯ ರೂಢಿ.

ಎಷ್ಟು? ಅಲ್ಲೇ ಐದನೆಯ ಒಂದು ಪಾಲು ಹೆಚ್ಚುವರಿ ಎಂದಿದೆ. 12,000ಕ್ಕೆ 2,400 ಸೇರಿ 14,400. ಲೂಕ 19ರ ಸುಂಕದವ ಜಕ್ಕಾಯ ನಾಲ್ಕರಷ್ಟು ಎಂದ. ಇವೆರಡೂ ಇಂದು ಕಡ್ಡಾಯವಲ್ಲ, ಪೂರ್ತಿ ಅಸಲು ಮಾತ್ರ ಕಡ್ಡಾಯ. ಮೊತ್ತ ಸರಿಯಾಗಿ ನೆನಪಿಲ್ಲದಿದ್ದರೆ ನಿಮಗೆ ನಷ್ಟವಾಗುವ ಕಡೆಗೇ ಅಂದಾಜು ಹಿಡಿಯಿರಿ. ಒಂದೇ ಸಲ ಕೊಟ್ಟರೆ ಮನೆ ಉಪವಾಸ ಬೀಳುತ್ತದೆ ಎನ್ನುವುದಾದರೆ ತಿಂಗಳಿಗೆ 1,000ದಂತೆ 12 ಕಂತು ಮಾಡಿಕೊಳ್ಳಿ. ಮೊದಲ ಕಂತಿನ ದಿನವನ್ನು ಮಾತ್ರ ಇವತ್ತೇ ಗುರುತುಹಾಕಿ.

ಹೆಸರು ಹೇಳಿಕೊಳ್ಳಲೇಬೇಕೆಂದಿಲ್ಲ. ಪಾಪನಿವೇದನೆ ಕೇಳಿದ ಗುರುಗಳ ಕೈಗೆ ಲಕೋಟೆ ಕೊಟ್ಟು ‘ನಿಮ್ಮ ಅಂಗಡಿಗೆ ಸಲ್ಲಬೇಕಾದ ಹಣ’ ಎಂದಷ್ಟೇ ಹೇಳಿ ಮುಟ್ಟಿಸುವಂತೆ ನೀವೇ ಕೇಳಿಕೊಳ್ಳಬಹುದು. ಕೇಳಿದ್ದನ್ನು ಹೊರಗೆ ಬಿಡುವುದು ಅವರಿಗೆ ಯಾವ ಕಾರಣಕ್ಕೂ ನಿಷಿದ್ಧ.

ಪ್ರಶ್ನೆ: ಅಮ್ಮ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ‘ಒಂದು ಒಳ್ಳೆಯ ಕೆಲಸವೂ ಕೈಲಾಗುವುದಿಲ್ಲ, ದೇವರ ಮುಂದೆ ಬರಿಗೈ’ ಎಂದು ಅಳುತ್ತಾರೆ. (ಅಂಕೋಲಾ)

ಉತ್ತರ: ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಕೈಕಾಲು ಆಡಿಸಲು ಆಗುತ್ತಿರಲಿಲ್ಲ. ಬಾಯೊಂದೇ ಆಡುತ್ತಿತ್ತು. ಲೂಕ 23:40–42ನ್ನು ಅಮ್ಮನಿಗೆ ನಿಧಾನವಾಗಿ ಓದಿ ಹೇಳಿ. ಜೊತೆಯವನ ನಿಂದೆಯನ್ನು ಅವನು ತಡೆದ, ತನ್ನ ತಪ್ಪು ಒಪ್ಪಿಕೊಂಡ, ನಿರಪರಾಧಿಯ ಪರ ನಿಂತ, ಆಮೇಲೆ ‘ನನ್ನನ್ನು ನೆನೆಸಿಕೊಳ್ಳಿ’ ಎಂದ. ಸಭೆ ಎಣಿಸುವ ಏಳು ಆತ್ಮಿಕ ದಯಾಕಾರ್ಯಗಳಲ್ಲಿ ತಪ್ಪು ಮಾಡಿದವರನ್ನು ಮನ್ನಿಸುವುದು, ಕಿರಿಕಿರಿ ಮಾಡುವವರನ್ನು ತಾಳಿಕೊಳ್ಳುವುದು, ಬದುಕಿರುವವರಿಗೂ ಸತ್ತವರಿಗೂ ಪ್ರಾರ್ಥಿಸುವುದು ಸೇರಿವೆ. ಮೂರನ್ನೂ ಮಲಗಿದಲ್ಲೇ ಮಾಡಬಹುದು. ನೀವು ಮಾಡಬೇಕಾದ ಕೆಲಸ ಒಂದಿದೆ: ‘ನನಗೋಸ್ಕರ ತೆರ್ಸ್ (ಜಪಮಾಲೆ) ಹೇಳಮ್ಮ’ ಎಂದು ದಿನಕ್ಕೊಂದು ನಿಜವಾದ ಕಾರಣ ಕೊಡಿ. ಮಗಳ ಪರೀಕ್ಷೆ ಇರಲಿ, ಪಕ್ಕದ ಮನೆಯವರ ಆಪರೇಷನ್ ಇರಲಿ.

ಪ್ರಶ್ನೆ: ಕ್ರೈಸ್ತರಲ್ಲದ ಆದರೆ ನಮಗಿಂತ ಒಳ್ಳೆಯ ಕೆಲಸ ಮಾಡುವ ನೆರೆಯವರಿಗೆ ರಕ್ಷಣೆ ಇಲ್ಲವೇ? (ಕುಮಟಾ)

ಉತ್ತರ: ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಭೆಯ ಕುರಿತು ಹೊರಡಿಸಿದ ಸಂವಿಧಾನದ 16ನೇ ಕಂಡಿಕೆ ನೋಡಿ. ತಮ್ಮ ತಪ್ಪಿಲ್ಲದೆ ಕ್ರಿಸ್ತನ ಶುಭವಾರ್ತೆ ಅರಿಯದವರು ದೇವರನ್ನು ಪ್ರಾಮಾಣಿಕವಾಗಿ ಹುಡುಕುತ್ತ, ಕೃಪೆಯ ಪ್ರೇರಣೆಯಿಂದ, ಮನಸ್ಸಾಕ್ಷಿಯ ಮೂಲಕ ತಿಳಿದಂತೆ ನಡೆದರೆ ಅವರೂ ರಕ್ಷಣೆ ಪಡೆಯಬಹುದು ಎನ್ನುತ್ತದೆ. ಅಲ್ಲಿಯೂ ಕೃಪೆಯೇ ಮೊದಲು. ಮತ್ತಾಯ 25ರ ತೀರ್ಪಿನಲ್ಲಿ ಬಲಗಡೆ ನಿಂತವರು ‘ಯಾವಾಗ ನಿಮಗೆ ಊಟ ಕೊಟ್ಟೆವು?’ ಎಂದು ಕೇಳುತ್ತಾರೆ, ತಾವು ಮಾಡಿದ್ದರ ಲೆಕ್ಕ ಅವರಿಗಿರಲಿಲ್ಲ. ನೆರೆಯವರ ತೀರ್ಪಿನ ಕಡತ ನಮ್ಮ ಮೇಜಿಗೆ ಬಂದಿಲ್ಲ, ಬಿಡಿ.

ಪ್ರಶ್ನೆ: ಜೂನ್, ಜುಲೈ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ನಮ್ಮ ಯುವಕ ಸಂಘದವರು ಕಷ್ಟದಲ್ಲಿರುವ 20 ಮನೆಗಳಿಗೆ ಅಕ್ಕಿ ಕಿಟ್ ಹಂಚಬೇಕೆಂದಿದ್ದಾರೆ. ಮನೆಗೆ 1,000 ರೂ. ಲೆಕ್ಕ. ಸರಿಯಾಗಿ ಮಾಡುವುದು ಹೇಗೆ? (ಕಾರವಾರ)

ಉತ್ತರ: ಅಕ್ಕಿಯನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಪಡಿತರ ಚೀಟಿ ಇದ್ದವರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಮೂರು ಸಂಘಗಳು ಮೂರು ಸಲ ಅಕ್ಕಿ ಕೊಟ್ಟರೆ ಮಳೆಗಾಲದ ತಂಡಿಗೆ ಹುಳ ಹಿಡಿಯುತ್ತದೆ. ಆ 61 ದಿನಗಳಲ್ಲಿ ಕೈ ಕಚ್ಚುವುದು ಎಣ್ಣೆ, ಬೇಳೆ, ಗ್ಯಾಸ್ ಸಿಲಿಂಡರ್, ಔಷಧಿ ಮತ್ತು ಶಾಲೆ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಕೊಡುತ್ತಾರೆ. ಅಲ್ಲಿ ಸಿಗದ ನೋಟ್‌ಬುಕ್, ಕೊಡೆಯಂಥವನ್ನು ಮನೆಯವರೇ ಕೊಳ್ಳಬೇಕು.

ಸಾಮಾನು ಕೊಳ್ಳುವ ಮೊದಲು ಮನೆಗೆ ಹೋಗಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಒಜಾನಮ್ ಮತ್ತು ಗೆಳೆಯರು ಶುರುಮಾಡಿದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಈಗಲೂ ಇಬ್ಬಿಬ್ಬರಾಗಿ ಮನೆಭೇಟಿ ಮಾಡುತ್ತಾರೆ, ಆ ಕ್ರಮವನ್ನೇ ಹಿಡಿಯಿರಿ. 20 ಮನೆಗೆ ಐದು ಜೋಡಿ, ಜೋಡಿಗೆ ನಾಲ್ಕು ಮನೆ. ಪ್ರತಿ ಜೋಡಿಯಲ್ಲಿ ಒಬ್ಬ ಹೆಂಗಸು ಇರಲಿ, ಗ್ಯಾಸ್ ಮುಗಿದದ್ದನ್ನು ಗಂಡಸರಿಗೆ ಯಾರೂ ಹೇಳುವುದಿಲ್ಲ. ಬೈಕಿನಲ್ಲೇ ಕೂತು ವಿಚಾರಿಸಬೇಡಿ, ಜಗಲಿಯ ಮೇಲೆ ಕೂತು ಅರ್ಧ ಗಂಟೆ ಮಾತಾಡಿ. ‘ಏನು ಬೇಕು?’ ಎಂದು ಕೇಳಿದರೆ ‘ಏನೂ ಬೇಡ’ ಎಂದೇ ಉತ್ತರ ಬರುತ್ತದೆ. ‘ಈ ತಿಂಗಳು ಯಾವುದಕ್ಕೆ ಸಾಲ ಮಾಡಿದಿರಿ?’ ಎಂದು ಕೇಳಿ.

ಆಮೇಲೆ 20,000ವನ್ನು ಸಮಪಾಲು ಹಾಕಬೇಡಿ. ಒಂದು ಮನೆಗೆ ಸಕ್ಕರೆ ಕಾಯಿಲೆಯ ಮಾತ್ರೆಗೆ 1,800 ಬೇಕಾಗಬಹುದು, ಇನ್ನೊಂದಕ್ಕೆ 400ರ ನೋಟ್‌ಬುಕ್ ಸಾಕು. ‘ಅವರಿಗೇಕೆ ಹೆಚ್ಚು?’ ಎಂಬ ಗೊಣಗಾಟ ಏಳುವುದು ಒಂದೇ ಕಡೆ ಸಾಲು ನಿಲ್ಲಿಸಿ ಹಂಚಿದಾಗ. ಹಾಗಾಗಿ ಸಾಲು ಬೇಡ, ಮೈಕು ಬೇಡ, ಫೋಟೊ ಬೇಡವೇ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮತ್ತಾಯ 6:3ರ ಮಾತನ್ನು ಭಾನುವಾರ ಓದಿ, ಸೋಮವಾರ ವಾಟ್ಸಾಪ್ ಗುಂಪಿನಲ್ಲಿ ಚೀಲ ಹಿಡಿದ ಅಜ್ಜಿಯ ಮುಖ ಹಾಕುವುದು ನಮ್ಮ ಕಾಲದ ವಿಶೇಷ. ದಾನಿಗಳಿಗೆ ಲೆಕ್ಕ ಬೇಕಾದರೆ ಅಂಗಡಿ ಬಿಲ್ಲು ತೋರಿಸಿ.

ಬೈತಖೋಲ ಬಂದರಿನಲ್ಲಿ ಬೋಟ್ ನಿಂತ ಕೂಡಲೇ ಕಷ್ಟ ಶುರುವಾಗುವುದಿಲ್ಲ. ಕೈಯಲ್ಲಿ ಸ್ವಲ್ಪ ಪಾಲಿನ ದುಡ್ಡಿರುತ್ತದೆ. ಅದು ಕರಗಿ, ಅಂಗಡಿಯವರು ಉದ್ರಿ ನಿಲ್ಲಿಸುವುದು ಜೂನ್ ಕೊನೆಗೆ. ಮೊದಲ ಭೇಟಿಯನ್ನು ಜೂನ್ ಮೊದಲ ವಾರ ಮುಗಿಸಿ, ಸಾಮಾನನ್ನು ಜುಲೈ ಮೊದಲ ವಾರ ಮುಟ್ಟಿಸಿ. ಪಟ್ಟಿ ಮಾಡುವಾಗ ಬೋಟಿನವರ ಮನೆಗಳ ಜೊತೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರ ಮನೆಗಳನ್ನೂ ಬರೆದುಕೊಳ್ಳಿ.